ಹಳ್ಳದ ದಂಡೆಯ ಲಂಟಾನ ಸವರಿದಷ್ಟೂ ಚಿಗುರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಹನೂರು ತಾಲ್ಲೂಕಿನಲ್ಲಿ ಕಾಡಿಗೆ ಹೊಂದಿಕೊಂಡ ಜಮೀನು ನಮ್ಮದು. ನಡುವೆ ಹಳ್ಳವಿದೆ, ಎರಡೂ ದಂಡೆಯಲ್ಲಿ ಸುಮಾರು ಒಂದು ಎಕರೆ ಲಂಟಾನ ಆಳೆತ್ತರ ಮೆಳೆ ಕಟ್ಟಿದೆ. ಮಚ್ಚಿನಲ್ಲಿ ಸವರಿಸಿದೆವು, ಮಳೆ ಬಿದ್ದ ಮೇಲೆ ಮೊದಲಿಗಿಂತ ದಟ್ಟವಾಯಿತು. ಕೆಲವರು ಗ್ಲೈಫೋಸೇಟ್ ಕಳೆನಾಶಕ ಹೊಡೆಯಿರಿ ಅಂತಾರೆ, ಕೆಲವರು ಜೆಸಿಬಿ ತರಿಸಿ ಅಂತಾರೆ. ಹಳ್ಳಕ್ಕೆ, ಮರಗಳಿಗೆ ತೊಂದರೆಯಾಗದ ಹಾಗೆ ತೆಗೆಯುವುದು ಹೇಗೆ ಸರ್?

ಉತ್ತರ: ಹಳ್ಳದ ದಂಡೆಗೆ ಎರಡೂ ಬೇಡ. ಗ್ಲೈಫೋಸೇಟ್ ಎಲೆಗೆ ಅಂಟಲೆಂದು ಹಲವು ಔಷಧಿಗಳಲ್ಲಿ ಬೆರೆಸಿರುವ ವಸ್ತು ಕಪ್ಪೆಮರಿಗಳಿಗೆ ವಿಷ. ಮೆಳೆಯೊಳಗೆ ಉಳಿದಿರುವ ಹುಲ್ಲು, ಸಸಿಗಳೂ ಸಾಯುತ್ತವೆ. ಜೆಸಿಬಿ ಮಣ್ಣು ಮಗುಚಿದರೆ ಹೂತಿದ್ದ ಬೀಜವೆಲ್ಲ ಮೇಲೆ ಬಂದು ಮೊಳೆಯುತ್ತದೆ, ಜೋರು ಮಳೆಗೆ ದಂಡೆಯೂ ಕೊಚ್ಚಿಹೋಗುತ್ತದೆ. ಬೆಂಕಿ ಇಟ್ಟರೂ ಬುಡ ಸಾಯುವುದಿಲ್ಲ.

ಕಾಂಡ ಮತ್ತು ತಾಯಿಬೇರು ಕೂಡುವ ಗಂಟಿನಿಂದಲೇ ಲಂಟಾನ ಚಿಗುರುವುದು. ಮಚ್ಚಿನ ಏಟು ಆ ಗಂಟಿಗಿಂತ ಮೇಲೆ ಬೀಳುವುದರಿಂದ ಒಂದು ಕಾಂಡದ ಜಾಗದಲ್ಲಿ ಹತ್ತು ಬರುತ್ತವೆ. ನೆಲಮಟ್ಟದಿಂದ 3–5 ಸೆಂ.ಮೀ. ಕೆಳಗೆ, ಗಂಟಿನ ಅಡಿಯಲ್ಲಿ ತಾಯಿಬೇರನ್ನು ಕಡಿಯಬೇಕು. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ಮತ್ತು ಸಂಗಡಿಗರು ರೂಪಿಸಿ, ಕಾರ್ಬೆಟ್ ಹುಲಿ ಅಭಯಾರಣ್ಯದಲ್ಲಿ ಬಳಸಿದ ಕ್ರಮ ಇದು.

ಮೊದಲು ಮೆಳೆಯ ಸುತ್ತ ಸದ್ದು ಮಾಡಿ, ಹಂದಿ, ಕರಡಿ ಒಳಗೆ ಮಲಗಿರಬಹುದು. ನೆಲ್ಲಿ, ಮತ್ತಿ, ದಿಂಡಿಗದ ಸಸಿಗಳು ಕಂಡರೆ ಬಣ್ಣದ ಬಟ್ಟೆ ಕಟ್ಟಿ. ಹೀಗೆ ಗುರುತು ಮಾಡದಿದ್ದರೆ ಕೂಲಿಯವರ ಕೈಯಲ್ಲಿ ಅವೂ ಹೋಗುತ್ತವೆ. ಹರಿತವಾದ ಗುದ್ದಲಿ ಅಥವಾ ಪಿಕಾಸಿಯಿಂದ ಬುಡಕ್ಕೆ ಓರೆಯಾಗಿ ಹೊಡೆದು ಬೇರು ಕಡಿಯಿರಿ. ಸುತ್ತ ಅಗೆಯಬೇಡಿ. ಇಡೀ ಪೊದೆ ಎತ್ತಿ ಬುಡ ಮೇಲಾಗುವಂತೆ ಮಗುಚಿಡಿ. ಹಸಿ ಕಾಂಡ ತೇವದ ನೆಲಕ್ಕೆ ತಾಗಿದರೆ ಅಲ್ಲೇ ಬೇರು ಬಿಡುತ್ತದೆ. ಬಾಡಿದ ಸೊಪ್ಪು ದನಗಳಿಗೆ ಸಿಗಬಾರದು. ಯಕೃತ್ತು ಕೆಟ್ಟು ಕಾಮಾಲೆಯಾಗುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ.

ಕಾಯಿ ಹಣ್ಣಾಗುವ ಮುಂಚೆ, ಮಣ್ಣು ಸ್ವಲ್ಪ ಹಸಿಯಿದ್ದಾಗ ಕೆಲಸ ಸಲೀಸು. ಒಂದೇ ಸಲ ಬೋಳು ಮಾಡಬೇಡಿ. ಇಳಿಜಾರಿಗೆ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ತೆಗೆದು, ಅಲ್ಲಿ ಹುಲ್ಲು ಹಿಡಿದ ಮೇಲೆ ಪಕ್ಕದ್ದಕ್ಕೆ ಕೈಹಾಕಿ. ನಿಮ್ಮ ಗಡಿಯಾಚೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಪೊದೆಯನ್ನೂ ಮುಟ್ಟಬೇಡಿ.

ಮತ್ತೊಬ್ಬರ ಪ್ರಶ್ನೆ: ನಾವು ಹೀಗೇ ಬೇರು ಕಡಿದೇ ತೆಗೆಸಿದ್ದು ಸರ್. ಆದರೂ ಮರಗಳ ಕೆಳಗೆ ಲಂಟಾನದ ಪುಟ್ಟ ಸಸಿಗಳು ರಾಶಿ ರಾಶಿ ಹುಟ್ಟಿವೆ. ತೆರವಾದ ಕಡೆ ಕಮ್ಯುನಿಸ್ಟ್ ಗಿಡ ಅನ್ನುವ ಇನ್ನೊಂದು ಕಳೆ ಬಂದಿದೆ.

ಉತ್ತರ: ಆ ಸಸಿಗಳು ಪಿಕಳಾರ, ಗೊರವಂಕ ಹಣ್ಣು ತಿಂದು ಕೊಂಬೆಯ ಮೇಲೆ ಕೂತು ಹಾಕಿದ ಬೀಜದವು ಮೇಡಂ. ಹಕ್ಕಿ ಕೂರುವ ಪ್ರತಿ ಮರದಡಿ ಮಳೆಗಾಲದಲ್ಲಿ ಎರಡು ಮೂರು ಸುತ್ತು ಕೈಯಿಂದ ಕೀಳಿಸಿ. ಗೇಣುದ್ದ ಇರುವಾಗ ಬೇರುಸಮೇತ ಬರುತ್ತದೆ, ಮೊಣಕಾಲೆತ್ತರವಾದರೆ ಗುದ್ದಲಿಯೇ ಬೇಕು. ಮಣ್ಣಲ್ಲಿ ಹಳೆಯ ಬೀಜ ಇರುವುದರಿಂದ ಕನಿಷ್ಠ ಮೂರು ವರ್ಷ ಬಿಡದೆ ಮಾಡಬೇಕು. ಹೆಚ್ಚಿನವರು ಸೋಲುವುದು ಇಲ್ಲೇ, ಇದ್ದ ದುಡ್ಡೆಲ್ಲ ಮೊದಲ ತೆರವಿಗೇ ಸುರಿದಿರುತ್ತಾರೆ.

ಕಮ್ಯುನಿಸ್ಟ್ ಗಿಡ ಚಳಿಗಾಲಕ್ಕೆ ಹೂಬಿಟ್ಟು ಬೀಜವನ್ನು ಗಾಳಿಗೆ ತೂರುತ್ತದೆ, ಅಕ್ಟೋಬರ್ ಒಳಗೆ ಬುಡಸಹಿತ ಕೀಳಿಸಿ. ಅದು ಬಂದಿರುವುದೇ ನೆಲ ಖಾಲಿ ಇದ್ದುದರಿಂದ. ಅಕ್ಕಪಕ್ಕದ ಗೋಮಾಳ, ಬದುಗಳಲ್ಲಿ ತಾನಾಗಿ ಬೆಳೆದ ಹುಲ್ಲಿನ ತೆನೆ ಒಣಗಿದಾಗ ಕೊಯ್ದಿಟ್ಟು, ಮೊದಲ ಮಳೆಗೆ ಎರಚಿ. ನೀರಂಚಿಗೆ ಹೊಳೆಮತ್ತಿ, ನೇರಳೆ, ಅತ್ತಿ ಹಾಕಿ. ಹುಲ್ಲು ತೆನೆ ಕಟ್ಟುವವರೆಗೆ ದನ ಬಿಡಬೇಡಿ.