1861ರ ರಷ್ಯಾ: ಬಿಡುಗಡೆಯಾದ ರೈತ 49 ವರ್ಷ ಕಂತು ಕಟ್ಟಿದ್ದು ಯಾಕೆ?

ಮಲ್ಪೆ ಓದುಗ:
ಸೆಮಿನಾರಿಗೆ ರಷ್ಯಾದ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್ ವಿಷಯ ತೆಗೆದುಕೊಂಡಿದ್ದೇನೆ. ಜೀತರೈತರಿಗೆ ಬಿಡುಗಡೆ, ಜಮೀನು ಎರಡೂ ಸಿಕ್ಕಿತಾದರೆ ಮತ್ತೆ 49 ವರ್ಷದ ಕಂತು ಯಾವುದಕ್ಕೆ? ನಮ್ಮಲ್ಲಿ 1974ರ ಭೂಸುಧಾರಣೆ ಕಾಯ್ದೆಯಲ್ಲಿ ಗೇಣಿ ಒಕ್ಕಲು ಡಿಕ್ಲರೇಶನ್ (7ನೇ ನಮೂನೆಯ ಅರ್ಜಿ) ಕೊಟ್ಟು ಭೂಮಿ ಪಡೆದ ಹಾಗೆಯೇ ಅಂತ ಬರೆಯಬಹುದಾ?

ಕುಂದಾಪ್ರದವ:
ಹಾಗೆ ಬರೆಯಬೇಡಿ. ಲೆಕ್ಕ ನೋಡಿ, ಉತ್ತರ ಅದರಲ್ಲೇ ಇದೆ. ರೈತ ಧಣಿಗೆ ವರ್ಷಕ್ಕೆ 9 ರೂಬಲ್ 'ಒಬ್ರೋಕ್', ಅಂದರೆ ಗೇಣಿ, ಕೊಡುತ್ತಿದ್ದ ಅಂತಿಟ್ಟುಕೊಳ್ಳಿ. ಶೇ. 6ರ ಬಡ್ಡಿಯಲ್ಲಿ 9 ರೂಬಲ್ ಹುಟ್ಟಬೇಕಾದರೆ ಅಸಲು 150 ಬೇಕು. ಆ 150ನ್ನೇ ಜಮೀನಿನ ಬೆಲೆ ಅಂತ ಹಿಡಿದರು. ಪೂರ್ತಿ ಹಿಡುವಳಿ ಸಿಕ್ಕಿದವನ ಪರವಾಗಿ ಸರ್ಕಾರ ಶೇ. 80, ಅಂದರೆ 120 ರೂಬಲನ್ನು ಧಣಿಗೆ ಬಾಂಡಿನಲ್ಲಿ ಕೊಟ್ಟಿತು. ಉಳಿದ 30 ರೈತನ ಕೈಯಿಂದ. ಸರ್ಕಾರಕ್ಕೆ ಆತ ಕಟ್ಟಬೇಕಾದದ್ದು 120ರ ಶೇ. 6: ವರ್ಷಕ್ಕೆ 7 ರೂಬಲ್ 20 ಕೊಪೆಕ್. 49 ವರ್ಷಕ್ಕೆ 352 ರೂಬಲ್ 80 ಕೊಪೆಕ್ ಆಯಿತು.

ಮಣ್ಣಿನ ಬೆಲೆ ಅಷ್ಟಿರಲಿಲ್ಲ. ಕಪ್ಪುಮಣ್ಣಿಲ್ಲದ ಪ್ರಾಂತ್ಯಗಳಲ್ಲಿ ಎಷ್ಟೋ ರೈತರು ಪಟ್ಟಣದಲ್ಲಿ ದುಡಿದು ಒಬ್ರೋಕ್ ಕಟ್ಟುತ್ತಿದ್ದರು. ಆಳಿನ ಬಿಡುಗಡೆಗೆ ದುಡ್ಡಿಲ್ಲ ಅಂತ ಕಾನೂನು ಹೇಳಿತು ನಿಜ, ಆದರೆ ಆ ಆಳಿನ ದುಡಿಮೆಯ ಬೆಲೆ ಜಮೀನಿನ ದರದೊಳಗೆ ಸೇರಿಕೊಂಡಿತು. ಅನ್ಯಾಯದ ಬೇರು ಇಲ್ಲೇ ಇರುವುದು.

ಕೊಡಿಯಾಲ್ ಬೈಲ್:
'ಒತ್ರೆಜ್ಕಿ' ಬಿಡಬೇಡಿ ಮಾರಾಯ್ರೆ. ಆಯಾ ಪ್ರದೇಶಕ್ಕೆ ಗೊತ್ತುಮಾಡಿದ ಮಿತಿಗಿಂತ ಹೆಚ್ಚು ಸಾಗುವಳಿ ಇದ್ದರೆ ಧಣಿ ಅದನ್ನು ಕಡಿದು ಇಟ್ಟುಕೊಳ್ಳಬಹುದಿತ್ತು. ಹೋದದ್ದು ಹೆಚ್ಚಾಗಿ ಹುಲ್ಲುಗಾವಲು, ಕಾಡು, ದನ ನೀರಿಗೆ ಹೋಗುವ ದಾರಿ. ನಮ್ಮಲ್ಲಿ ಗದ್ದೆ ಕೊಟ್ಟು ಕುಮ್ಕಿ, ಅಂದರೆ ಗದ್ದೆಗೆ ತಾಗಿದ ಸರ್ಕಾರಿ ಜಾಗ, ಕಿತ್ತುಕೊಂಡರೆ ಸೊಪ್ಪು, ತರಗೆಲೆ ಎಲ್ಲಿಂದ ತರುವುದು? ಹಟ್ಟಿಗೆ ಸೊಪ್ಪಿಲ್ಲ, ಗದ್ದೆಗೆ ಗೊಬ್ಬರವಿಲ್ಲ. ಅಲ್ಲೂ ಅದೇ ಅವಸ್ಥೆ. ಕೊನೆಗೆ ಆ ತುಂಡುಗಳನ್ನೇ ಧಣಿಯಿಂದ ಗೇಣಿಗೆ ಹಿಡಿದು, ಬದಲಿಗೆ ಅವನ ಹೊಲದಲ್ಲಿ ದುಡಿದರು. ಕಂತೇ ಬೇಡ ಅಂದವರಿಗೆ ಗರಿಷ್ಠ ಹಿಡುವಳಿಯ ಕಾಲುಭಾಗ ಪುಕ್ಕಟೆ. ಅದಕ್ಕೆ 'ಭಿಕ್ಷುಕನ ಪಾಲು' ಅಂತಲೇ ಹೆಸರು ಬಿತ್ತು.

ಹೋಲಿಕೆ ಮುರಿಯುವುದು ಮತ್ತೊಂದು ಕಡೆ. ನಮ್ಮಲ್ಲಿ 7ನೇ ನಮೂನೆ ಕೊಟ್ಟ ಗೇಣಿದಾರನಿಗೆ ಅಧಿಭೋಗದ ಹಕ್ಕು ಅವನ ಹೆಸರಿಗೇ ಬಂತು. ರಷ್ಯಾದ ಹೆಚ್ಚಿನ ಕಡೆ ಭೂಮಿ 'ಮಿರ್', ಅಂದರೆ ಊರ ಕೂಟದ ಕೈಯಲ್ಲಿ. ಒಬ್ಬ ಕಂತು ತಪ್ಪಿಸಿದರೆ ಊರಿಡೀ ಹೊಣೆ. ಹಾಗಾಗಿ ಬಾಕಿದಾರನನ್ನು ಊರು ಬಿಟ್ಟು ಹೋಗಲು ಕೂಟ ಸುಲಭಕ್ಕೆ ಬಿಡುತ್ತಿರಲಿಲ್ಲ.

ಕುಂದಾಪ್ರದವ:
ಬಿಡುಗಡೆ ಆಜ್ಞೆಯ ತಾರೀಕು ಬರೆಯುವಾಗ ಜಾಗ್ರತೆ: ಹಳೆ ಪಂಚಾಂಗದ ಫೆಬ್ರವರಿ 19, 1861 ಅಂದರೆ ಈಗಿನ ಮಾರ್ಚ್ 3. ಕಂತು ಅಂದೇ ಶುರುವಾಗಲಿಲ್ಲ, ಧಣಿಯೊಂದಿಗೆ ಒಪ್ಪಂದ ಆಗುವವರೆಗೆ ಹಳೆ ಒಬ್ರೋಕ್ ಅಥವಾ ಬಿಟ್ಟಿ ಕೆಲಸ ಮುಂದುವರಿಯಿತು. ಹಾಗೆ ಉಳಿದವರಿಗೆ ಖರೀದಿ ಕಡ್ಡಾಯವಾದದ್ದು 1883ರಿಂದ, ಅಲೆಕ್ಸಾಂಡರ್ 1881ರಲ್ಲಿ ಬಾಂಬಿಗೆ ಬಲಿಯಾದ ಮೇಲೆ. 49 ವರ್ಷವೂ ಪೂರ್ತಿಯಾಗಲಿಲ್ಲ: 1905ರ ದಂಗೆಗಳ ನಂತರ 1906ಕ್ಕೆ ಕಂತು ಅರ್ಧ ಮಾಡಿ, 1907ರ ಜನವರಿ 1ರಿಂದ ಪೂರ್ತಿ ಮನ್ನಾ ಮಾಡಿದರು.