ಸಹಾಯ ಬೇಕು: ಯೆರೆಮೀಯ 29:11 ಯಾರಿಗೆ ಬರೆದ ಮಾತು?

ಎಲ್ಲರಿಗೂ ವಂದನೆ. ಈ ಭಾನುವಾರ ನಮ್ಮ ಸಭೆಯ ಯುವಕರಿಗೆ ಬೈಬಲ್ ಸ್ಟಡಿ ನಾನೇ ಮಾಡಬೇಕು. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಯೆರೆಮೀಯ 29:11 ಗೊತ್ತಲ್ವಾ? ದೇವರ ಹಿತದ ಯೋಚನೆ, ಮುಂದಿನ ನಿರೀಕ್ಷೆ ಅಂತ ಬರುವ ವಚನ. ಕ್ಯಾಲೆಂಡರಿನಲ್ಲಿ, ಪರೀಕ್ಷೆಗೆ ಹೋಗುವ ಮಕ್ಕಳ ಕಾರ್ಡಿನಲ್ಲಿ ಎಲ್ಲಾ ಕಡೆ ಇದೇ. ನಮ್ಮ ಮನೆ ಫ್ರಿಜ್ ಮೇಲೂ ಅಂಟಿಸಿದ್ದೇವೆ. ಆದರೆ ಅಧ್ಯಾಯ ಪೂರ್ತಿ ಓದಿದರೆ ಅದು ಪ್ರವಾದಿ ಯೆರೆಮೀಯ ಬಾಬಿಲೋನಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ 70 ವರ್ಷ ಆದಮೇಲೆ ಊರಿಗೆ ವಾಪಸ್ ಕರೆತರುತ್ತೇನೆ ಅನ್ನೋ ಮಾತಿದೆ. ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳಿಗೆ ಮದುವೆ ಮಾಡಿಸಿ ಅಂತಾನೂ ಇದೆ. ಅಂದರೆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ಊರು ನೋಡಿರಲಿಕ್ಕಿಲ್ಲ. 28ನೇ ಅಧ್ಯಾಯದಲ್ಲಿ ಹನನ್ಯ ಅನ್ನೋ ಸುಳ್ಳು ಪ್ರವಾದಿ ಎರಡೇ ವರ್ಷದಲ್ಲಿ ಸೆರೆಹೋದವರು ವಾಪಸ್ ಬರುತ್ತಾರೆ ಅಂದಿದ್ದ. ಜನಕ್ಕೆ ಅದೇ ಇಷ್ಟವಾಗಿರಬೇಕು!

ಇನ್ನೊಂದು ತೊಡಕು ನಮ್ಮ ಕನ್ನಡದ್ದೇ. 'ನಿಮ್ಮ' ಅಂದ ಕೂಡಲೇ ಮರ್ಯಾದೆಯ ಮಾತು, ನನ್ನೊಬ್ಬನಿಗೇ ಹೇಳಿದ್ದು ಅಂದುಕೊಳ್ಳುತ್ತೇವೆ. ಹೀಬ್ರೂ ಮೂಲದಲ್ಲಿ ಅದು ಬಹುವಚನ, ಇಡೀ ಜನಕ್ಕೆ ಹೇಳಿದ್ದು.

ಮೊದಲು ಅವರಿಗೆ ಏನರ್ಥ, ಆಮೇಲೆ ನಮಗೇನು ಅನ್ನೋ ಕ್ರಮದಲ್ಲಿ ಹೋಗಬೇಕು, ಅದು ಗೊತ್ತು. ತಡವರಿಸುತ್ತಿರುವುದು ಎರಡನೇ ಹೆಜ್ಜೆಯಲ್ಲಿ. ಹೋದ ವಾರ ಸುಮ್ನೆ 'ಇದು ನಮಗೆ ಬರೆದದ್ದಲ್ಲ' ಅಂದೆ. ಅಮ್ಮ ಮಾತೇ ಆಡಲಿಲ್ಲ. ಅಪ್ಪ ಆಸ್ಪತ್ರೆಯಲ್ಲಿದ್ದ ದಿನಗಳನ್ನು ಅವರು ಈ ವಚನ ಹಿಡಿದುಕೊಂಡೇ ಕಳೆದವರು.

ಪಾಠ ಮಾಡಿ ಅಭ್ಯಾಸ ಇರುವವರು ಹೇಳಿ: ಸಂದರ್ಭ ಬಿಡದೆ, ಅಮ್ಮನಂಥವರ ಕೈಯಿಂದ ವಚನ ಕಿತ್ತುಕೊಳ್ಳದೆ ಇದನ್ನು ಹೇಗೆ ವಿವರಿಸುತ್ತೀರಿ? ಶನಿವಾರದೊಳಗೆ ತಿಳಿಸಿದರೆ ತುಂಬಾ ಉಪಕಾರ.