ಬಂದೂಕಿಗೆ ಯಾವ ಎಣ್ಣೆ? ಅಡುಗೆಮನೆ ಶೀಶೆಯಿಂದ ಗ್ಯಾರೇಜಿನ ಡಬ್ಬಿವರೆಗೆ

ಪ್ರಶ್ನೆ (ಕುಷ್ಟಗಿ ಕಡೆಯಿಂದ): ಬೆಳೆ ರಕ್ಷಣೆ ಲೈಸೆನ್ಸಿನ ಮ್ಯಾಲೆ 12 ಬೋರಿನ ಒಂಟಿ ನಳಿಗೆ ಬಂದೂಕು ಐತ್ರಿ. ಮನ್ಯಾಗ ಮೊದಲಿಂದಲೂ ಕುಸುಬಿ ಎಣ್ಣಿ ಒರೆಸಿ ಇಡೋ ರೂಢಿ. ಈಗ ಹ್ಯಾಮರ್ ಎಳದ್ರ ಬಿಗಿ, ಮಡಚೋ ಕೀಲಿನ ಸಂದಿನ್ಯಾಗ ಹಳದಿ ಅಂಟು ಕುಂತೈತಿ. ಬೈಕಿನ ಎಂಜಿನ್ ಎಣ್ಣಿ ಬಿಟ್ರ ಸಡಿಲ ಆಗ್ತದೇನ್ರಿ?

ಉತ್ತರ (ಬಂದೂಕು ದುರಸ್ತಿ ಮಾಡುವವರು): ಎಂಜಿನ್ ಎಣ್ಣೆ ಆಮೇಲೆ ನೋಡೋಣ. ಅಂಟು ಹಾಗೇ ಇದ್ದಾಗ ಮೇಲೆ ಏನು ಬಿಟ್ಟರೂ ಅದು ಅಂಟಿನ ಮೇಲೆಯೇ ನಿಲ್ಲುತ್ತದೆ. ಕುಸುಬೆ, ಅಗಸೆ, ಸೂರ್ಯಕಾಂತಿ ಎಣ್ಣೆಗಳು ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತವೆ. ಅಗಸಿ ಎಣ್ಣೆ ಬಾಗಿಲಿಗೆ ಹಚ್ಚಿದರೆ ವಾರ್ನಿಷಿನಂತೆ ಪದರ ಕಟ್ಟುವುದು ಈ ಗುಣದಿಂದಲೇ. ಬಾಗಿಲಿಗೆ ಒಳ್ಳೆಯದು, ಸ್ಪ್ರಿಂಗಿಗೆ ಕೆಟ್ಟದ್ದು. ಶೇಂಗಾ ಎಣ್ಣೆ ತಡವಾಗಿ ಅಂಟಾಗುತ್ತದೆ, ಅಷ್ಟೇ ವ್ಯತ್ಯಾಸ. ಕೊಬ್ಬರಿ ಎಣ್ಣೆ ಒಣಗುವುದಿಲ್ಲ, ಆದರೆ ಕಮಟು ಹಿಡಿದಾಗ ಆಮ್ಲ ಬಿಡುತ್ತದೆ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನ ಜಾವದಲ್ಲಿ ಕೀಲೊಳಗೆ ಅದು ಮೇಣವಾಗಿ ಕೂತಿರುತ್ತದೆ.

ಬಿಡಿಸುವ ರೀತಿ ಹೇಳುತ್ತೇನೆ. ಮೊದಲು ಬಂದೂಕು ಮಡಚಿ ಚೇಂಬರ್ (ಕಾರ್ತೂಸು ಕೂರುವ ಜಾಗ) ಖಾಲಿ ಇದೆಯೇ ಎಂದು ಕಣ್ಣಲ್ಲಿ ನೋಡಿ, ಬೆರಳು ಹಾಕಿ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಕಾರ್ತೂಸುಗಳು ಬೇರೆ ಕೋಣೆಯಲ್ಲಿರಲಿ. ನಳಿಗೆ ಬಿಚ್ಚಿ. ಅಂಟು ಇರುವಲ್ಲಿ ಚಿಮಣಿ ಎಣ್ಣೆ ನಾಲ್ಕೈದು ಹನಿ, ಸಿಗದಿದ್ದರೆ ಡೀಸೆಲ್, ಬಿಟ್ಟು 20 ನಿಮಿಷ ಕಾಯಿರಿ. ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಹತ್ತಿ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಹಳದಿ ಹತ್ತುವುದು ನಿಲ್ಲುವವರೆಗೆ ಹೀಗೇ ಮಾಡಿ. ಮೂರು ನಾಲ್ಕು ಸಲ ಬೇಕಾದೀತು. ಹ್ಯಾಮರ್ ಆಡಿಸುವಾಗ ಹೆಬ್ಬೆರಳಲ್ಲಿ ಹಿಡಿದೇ ಇಳಿಸಿ, ಖಾಲಿ ಬಡಿಯಲು ಬಿಡಬೇಡಿ, ಫೈರಿಂಗ್ ಪಿನ್ ಮುರಿಯಬಹುದು. ಮರಕ್ಕೆ ಚಿಮಣಿ ಎಣ್ಣೆ ತಾಗಬಾರದು; ಮರದ ಹಿಡಿ ಕೆಳಗೆ, ಲೋಹ ಮೇಲೆ ಬರುವಂತೆ ಓರೆಯಾಗಿ ಹಿಡಿಯಬೇಡಿ. ಹಾಗೆ ಹಿಡಿದರೆ ಎಲ್ಲವೂ ಮರದೊಳಗೆ ಇಳಿಯುತ್ತದೆ. ಒಳಗಿನ ಲಾಕ್, ಅಂದರೆ ಹ್ಯಾಮರ್ ಆಡಿಸುವ ಸ್ಪ್ರಿಂಗಿನ ಭಾಗ, ಬಿಚ್ಚಲು ಹೋಗಬೇಡಿ. ಅಳತೆ ತಪ್ಪಿದ ಸ್ಕ್ರೂಡ್ರೈವರ್ ಹಾಕಿದರೆ ಸ್ಕ್ರೂ ತಲೆ ಕಿತ್ತುಹೋಗುತ್ತದೆ. ಒಳಗೆ ಅಂಟಿದ್ದರೆ ಲೈಸೆನ್ಸ್ ಇರುವ ದುರಸ್ತಿಗಾರರ ಬಳಿ ಒಯ್ಯಿರಿ.

ಚಿಮಣಿ ಎಣ್ಣೆ ಪೂರ್ತಿ ಆರಿದ ಮೇಲೆ ಎಣ್ಣೆ ಹಚ್ಚುವುದನ್ನು ಮರೆಯಬೇಡಿ. ತೊಳೆದು ಬರಿದಾದ ಉಕ್ಕಿಗೆ ಮೋಡದ ದಿನ ರಾತ್ರಿ ಕಳೆಯುವುದರೊಳಗೆ ತುಕ್ಕು ಹಿಡಿಯುತ್ತದೆ.

ಪ್ರಶ್ನೆ (ಅವರೇ): ಹಂಗಾದ್ರ ಕೊನಿಗೆ ಎಂಜಿನ್ ಎಣ್ಣಿನೇ ಹಚ್ಚಲ್ಯಾ?

ಉತ್ತರ: ಹೊಸದಾದರೆ ಹಚ್ಚಬಹುದು. ಬೈಕಿನ 10ಡಬ್ಲ್ಯೂ-30 ಡಬ್ಬಿಯಲ್ಲಿ ಸವೆತ ತಡೆಯುವ, ತುಕ್ಕು ತಡೆಯುವ ಅಂಶಗಳಿರುತ್ತವೆ. 20ಡಬ್ಲ್ಯೂ-40 ಸ್ವಲ್ಪ ಮಂದ, ಬೇಸಿಗೆಗೆ ಅಡ್ಡಿಯಿಲ್ಲ. ಆದರೆ ಗ್ಯಾರೇಜಿನಲ್ಲಿ ಬಸಿದಿಟ್ಟ ಕರಿ ಎಣ್ಣೆ ಒಂದು ಹನಿಯೂ ಬೇಡ. ಅದರಲ್ಲಿ ಎಂಜಿನ್ನಿನಲ್ಲಿ ಇಂಧನ ಸುಟ್ಟು ಆದ ಆಮ್ಲ, ಲೋಹದ ಪುಡಿ ಎರಡೂ ಇರುತ್ತವೆ, ಕೈಚರ್ಮಕ್ಕೂ ಅದು ವಿಷ. ಗೇರ್ ಎಣ್ಣೆಯ ಗಂಧಕದ ಅಂಶ ಹಿತ್ತಾಳೆ, ತಾಮ್ರದ ಭಾಗಗಳನ್ನು ಕಪ್ಪಾಗಿಸುತ್ತದೆ. ಬ್ರೇಕ್ ಎಣ್ಣೆ ಎಣ್ಣೆಯೇ ಅಲ್ಲ, ಮರದ ಪಾಲಿಶ್ ಎದ್ದುಹೋಗುತ್ತದೆ.

ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ, ಸ್ವಚ್ಛ; ಸಣ್ಣ ಕೀಲುಗಳಿಗೆ ನನಗೆ ಅದೇ ಇಷ್ಟ. ತುಕ್ಕು ತಡೆಯುವ ಶಕ್ತಿ ಕಡಿಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮತ್ತೆ ಒರೆಸಬೇಕು. ಮಡಚುವ ಕೀಲಿನ ಪಿನ್ನಿಗೆ ಮಾತ್ರ ಎಣ್ಣೆಗಿಂತ ಗ್ರೀಸ್ ಲೇಸು: ಲಿಥಿಯಂ ಗ್ರೀಸು, ಸಾಸಿವೆ ಕಾಳಿನಷ್ಟು.

ಪ್ರಶ್ನೆ (ಸಂಡೂರು): ನಮ್ಮಲ್ಲಿ ಗಣಿ ಲಾರಿ ಓಡಾಡಿ ಎಲ್ಲದರ ಮೇಲೂ ಕೆಂಪು ಧೂಳು. ಎಣ್ಣೆ ಜಾಸ್ತಿ ಹಚ್ಚಿದರೆ ಧೂಳು ಒಳಗೆ ಹೋಗದಂತೆ ತಡೆಯುತ್ತದೆಯೇ ಸರ್?

ಉತ್ತರ: ತಡೆಯುವುದಿಲ್ಲ, ಕರೆದು ಕೂರಿಸಿಕೊಳ್ಳುತ್ತದೆ. ಆ ಕೆಂಪು ಧೂಳು ಕಬ್ಬಿಣದ ಆಕ್ಸೈಡ್. ಚಿನ್ನಕ್ಕೆ ಹೊಳಪು ಕೊಡುವ ಕೆಂಪು ಪುಡಿಯೂ ಅದೇ ಆಕ್ಸೈಡ್. ಎಣ್ಣೆಯಲ್ಲಿ ಕಲೆತರೆ ಅದು ತಿಕ್ಕುವ ಪೇಸ್ಟ್ ಆಗುತ್ತದೆ, ಕೀಲು ಸವೆದು ಬಂದೂಕು ಗಡಗಡ ಅಲುಗುತ್ತದೆ. ಸಂಡೂರು, ತೋರಣಗಲ್ಲಿನವರಿಗೂ, ಹಾರುಬೂದಿ ಬೀಳುವ ಶಕ್ತಿನಗರದ ಕಡೆಯವರಿಗೂ ಒಂದೇ ಮಾತು: ಹನಿ ಬಿಡಿ, ಆಡಿಸಿ, ಒಣ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬೆರಳಿಟ್ಟರೆ ಜಿಡ್ಡು ಗೊತ್ತಾಗಬೇಕು, ಬೆರಳಿಗೆ ಎಣ್ಣೆ ಮೆತ್ತಬಾರದು. ಅಷ್ಟಿದ್ದರೆ ಸರಿ.

ಪ್ರಶ್ನೆ (ಗಂಗಾವತಿ): ನಳಿಗೆ ಒಳಗೆ ಹೆಂಗ್ ಹಚ್ಚಬೇಕ್ರಿ? ಡಬ್ಲ್ಯೂಡಿ-40 ಹೊಡೆದು ಬಿಟ್ರ ಸಾಕಂತಾರ.

ಉತ್ತರ: ಡಬ್ಲ್ಯೂಡಿ ಎಂದರೆ ನೀರು ಹೊರದೂಡುವುದು ಎಂದೇ ಅರ್ಥ. ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ, ಬಹುಪಾಲು ಆರಿಹೋಗಿ ತೆಳು ಪದರ ಮಾತ್ರ ಉಳಿಯುತ್ತದೆ. ಅದರ ಮೇಲೆ ಎಣ್ಣೆ ಹಚ್ಚಲೇಬೇಕು.

ನಳಿಗೆಯನ್ನು ಚೇಂಬರ್ ಕಡೆಯಿಂದ ಬಾಯಿಯ ಕಡೆಗೆ ತೊಳೆಯಿರಿ, ಕೊಳೆ ಲಾಕಿನೊಳಗೆ ಬರುವುದಿಲ್ಲ. ತೊಳೆಯಲು ಗ್ಯಾರೇಜಿನ ಸಾಮಾನಿನಲ್ಲೇ ಒಳ್ಳೆಯ ಮಿಶ್ರಣವಾಗುತ್ತದೆ: ಎಟಿಎಫ್, ಅಂದರೆ ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ, ಒಂದು ಪಾಲು; ಚಿಮಣಿ ಎಣ್ಣೆ ಒಂದು ಪಾಲು; ಪೇಂಟಿನ ಟರ್ಪೆಂಟೈನ್ ಒಂದು ಪಾಲು. ಮೂರೂ ತಲಾ 50 ಮಿಲಿ ಸಾಕು, ಚೀಟಿ ಅಂಟಿಸಿದ ಶೀಶೆಯಲ್ಲಿಡಿ, ಒಲೆ ಹತ್ತಿರ ಬೇಡ. ಇದರಲ್ಲಿ ಅದ್ದಿದ ಕಂಚಿನ ಬ್ರಷ್ ಹತ್ತು ಸಲ ಎಳೆದು, 15 ನಿಮಿಷ ಬಿಟ್ಟು, ಹಳೆ ಪಂಚೆಯ ತುಂಡು ಒಂದೊಂದಾಗಿ ದೂಡಿ. ಅರಳೆ ಹತ್ತಿ ಬೇಡ, ಎಳೆ ಉಳಿಯುತ್ತದೆ. ಪೆಟ್ರೋಲಂತೂ ಬೇಡವೇ ಬೇಡ, ಅದರ ಆವಿ ನೆಲಕ್ಕೆ ಹರಿದು ಒಲೆಯನ್ನು ಹುಡುಕಿಕೊಂಡು ಹೋಗುತ್ತದೆ. ತುಂಡು ಬೆಳ್ಳಗೆ ಬಂದ ಮೇಲೆ ಎರಡು ಹನಿ ಎಣ್ಣೆಯ ಬಟ್ಟೆ ಒಮ್ಮೆ ದೂಡಿ.

ಹೊಡೆಯುವ ಮುಂಚೆ ಒಣ ಬಟ್ಟೆ ಎಳೆದು ಈ ಎಣ್ಣೆ ಪೂರ್ತಿ ತೆಗೆಯಬೇಕು. ನಳಿಗೆಯಲ್ಲಿ ಎಣ್ಣೆ ನಿಂತಿದ್ದರೆ ಒತ್ತಡ ಏರಿ ನಳಿಗೆ ಉಬ್ಬಬಹುದು. ಚೇಂಬರ್ ಜಿಡ್ಡಾಗಿದ್ದರೆ ಕಾರ್ತೂಸು ಗೋಡೆಗೆ ಹಿಡಿಯದೆ ಹಿಂದಕ್ಕೆ ಒದೆಯುತ್ತದೆ, ಹೊರೆಯೆಲ್ಲ ನಳಿಗೆಯನ್ನು ಮುಚ್ಚಿ ಹಿಡಿಯುವ ಕೊಂಡಿಯ ಮೇಲೆ. ಕಾರ್ತೂಸಿಗೆ ಎಣ್ಣೆ ಮೆತ್ತಿದರೆ ಮದ್ದಿಗೆ ಕಿಡಿ ಕೊಡುವ ಕ್ಯಾಪಿನೊಳಗೆ ಇಳಿದು ಹಾರದೇ ಹೋಗುತ್ತದೆ.

ಪ್ರಶ್ನೆ (ದೇವದುರ್ಗ): ನಮ್ದು ಕರಿಮದ್ದು ತುಂಬೋ ಹಳೆ ಬಂದೂಕು ಅದ. ಎಷ್ಟು ಎಣ್ಣಿ ಹಚ್ಚಿದ್ರೂ ಮರುದಿನ ಒಳಗ ಕೆಂಪು ಪುಡಿ.

ಉತ್ತರ: ಅದು ಎಣ್ಣೆಯ ತಪ್ಪಲ್ಲ. ಕರಿಮದ್ದು ಸುಟ್ಟ ಬೂದಿಯಲ್ಲಿ ಪೊಟ್ಯಾಸಿಯಂ ಲವಣಗಳಿರುತ್ತವೆ, ಅವು ಗಾಳಿಯ ತೇವ ಎಳೆದುಕೊಳ್ಳುತ್ತವೆ. ಲವಣ ಎಣ್ಣೆಯಲ್ಲಿ ಕರಗುವುದಿಲ್ಲ, ಎಣ್ಣೆ ಅದರ ಮೇಲೆ ಮುಚ್ಚಳವಾಗುತ್ತದೆ, ಕೆಳಗೆ ತುಕ್ಕು ಬೆಳೆಯುತ್ತದೆ. ಅದಕ್ಕೆ ಬೇಕಾದ್ದು ನೀರು.

ಮೊದಲು ಗಜವನ್ನು (ಮದ್ದು ಜಡಿಯುವ ಕೋಲನ್ನು) ನಳಿಗೆಯಲ್ಲಿ ಇಳಿಸಿ, ಬಾಯಿಯ ಬಳಿ ಗುರುತು ಮಾಡಿ, ಹೊರಗೆ ತೆಗೆದು ನಳಿಗೆಗೆ ಹೊರಗಿನಿಂದ ಹೊಂದಿಸಿ ನೋಡಿ. ತುದಿ ನಿಪ್ಪಲ್ (ಹಿಂಬದಿಯಲ್ಲಿ ಕ್ಯಾಪ್ ಕೂರಿಸುವ ಮೊಳೆ) ತನಕ ಬರದಿದ್ದರೆ ಒಳಗೆ ಮದ್ದು ಇದೆ. ಅಲ್ಲಿಗೇ ನಿಲ್ಲಿಸಿ ದುರಸ್ತಿಗಾರರಿಗೆ ತೋರಿಸಿ. ಖಾಲಿ ಎಂದು ಖಾತ್ರಿಯಾದರೆ ನಿಪ್ಪಲ್ ಬಿಚ್ಚಿ, ನಳಿಗೆಯ ಹಿಂಬದಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟು ಬಟ್ಟೆ ಸುತ್ತಿದ ಗಜದಿಂದ ಪಂಪಿನಂತೆ ಮೇಲೆ ಕೆಳಗೆ ಎಳೆಯಿರಿ. ಪಾತ್ರೆ ತೊಳೆಯುವ ಸೋಪು ಅರ್ಧ ಚಮಚ ಸಾಕು. ನೀರು ತಿಳಿಯಾದ ಮೇಲೆ ಬರಿ ಬಿಸಿನೀರು ಇನ್ನೆರಡು ಸಲ. ಲೋಹ ಬಿಸಿ ಇರುವಾಗಲೇ ಒರೆಸಿ, ಡಬ್ಲ್ಯೂಡಿ-40 ಹೊಡೆದು, ಒರೆಸಿ, ಎಣ್ಣೆ. ನಡುವೆ ಚಹಾ ಕುಡಿಯಲು ಹೋದರೂ ತುಕ್ಕು ಶುರುವಾಗುತ್ತದೆ.

ಪ್ರಶ್ನೆ (ಸಿಂಧನೂರು): ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸ್ತೀವಿ, ತಿಂಗಳಾನುಗಟ್ಟಲೆ ಅಲ್ಲೇ ಇರ್ತದ. ಏನು ಹಚ್ಚಿ ಕೊಡಬೇಕು?

ಉತ್ತರ: ಹರಿಯುವ ಎಣ್ಣೆ ಅಷ್ಟು ದಿನ ನಿಲ್ಲುವುದಿಲ್ಲ. ಸ್ವಚ್ಛ ಮಾಡಿದ ಮೇಲೆ ವ್ಯಾಸಲೀನ್ ಅಥವಾ ಲಿಥಿಯಂ ಗ್ರೀಸನ್ನು ಬಟ್ಟೆಯಿಂದ ಹೊರಗೂ ಒಳಗೂ ತೆಳ್ಳಗೆ ಬಳಿಯಿರಿ. ಬರಿಗೈ ಮತ್ತೆ ತಾಗಿಸಬೇಡಿ, ಬೆವರಿನ ಉಪ್ಪಿನಿಂದ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ. ಬಾಯಿಗೆ ಬಟ್ಟೆ ತುರುಕಬೇಡಿ. ತೇವ ಒಳಗೇ ಉಳಿಯುತ್ತದೆ, ತೆಗೆಯಲು ಮರೆತು ಹೊಡೆದರೆ ನಳಿಗೆ ಸೀಳುತ್ತದೆ. ರೆಕ್ಸಿನ್ ಚೀಲ ಬೆವರುತ್ತದೆ, ಒಣ ಹತ್ತಿ ಬಟ್ಟೆ ಸುತ್ತಿ. ವಾಪಸ್ ಬಂದ ದಿನವೇ ಗ್ರೀಸ್ ಪೂರ್ತಿ ತೆಗೆಯಿರಿ.

ಪ್ರಶ್ನೆ (ಬಳ್ಳಾರಿ): ಏರ್‌ಗನ್ನಿಗೂ ಇದೇ ಎಣ್ಣೆ ನಡೆಯುತ್ತಾ?

ಉತ್ತರ: ಇಲ್ಲ. ಸ್ಪ್ರಿಂಗ್ ಏರ್‌ಗನ್ನಿನ ಸಿಲಿಂಡರಿನಲ್ಲಿ ಗಾಳಿ ಒತ್ತಿ ಬಿಸಿಯಾಗುತ್ತದೆ. ಅಲ್ಲಿ ಹೊಲಿಗೆ ಮಷಿನ್ ಎಣ್ಣೆ ಬಿದ್ದರೂ ಡೀಸೆಲ್ ಎಂಜಿನ್ನಿನಂತೆ ಹೊತ್ತಿಕೊಳ್ಳುತ್ತದೆ: ದೊಡ್ಡ ಸದ್ದು, ಬಾಯಲ್ಲಿ ಹೊಗೆ, ಸೀಲ್ ಸುಡುತ್ತದೆ, ಸ್ಪ್ರಿಂಗ್ ಮುರಿಯುತ್ತದೆ. ಸೀಲಿಗೆ ಸಿಲಿಕೋನ್ ಎಣ್ಣೆ ಒಂದೇ ಹನಿ. ಹೊರಗಿನ ಕೀಲಿಗೆ ಗ್ರೀಸ್ ಹಾಕಬಹುದು.